ತೀರಾ ಮೆತ್ತನೆಯ ಪಟರ್: ಮಲೆನಾಡಿನ ನೆಲಕ್ಕೆ, ಮಳೆಗೆ, ನಿಮ್ಮ ಕೈಗೆ ಎಷ್ಟು ಹೊಂದುತ್ತದೆ?

ಡಿಸ್ಕ್ ಗಾಲ್ಫ್ ಅಂದರೆ ಚಪ್ಪಟೆ ಡಿಸ್ಕ್ ಎಸೆದು, ಕಂಬದ ಸುತ್ತ ಚೈನು ಇಳಿಬಿಟ್ಟ ತೊಟ್ಟಿಗೆ, ಅಂದರೆ ಬ್ಯಾಸ್ಕೆಟ್ಟಿಗೆ, ಬೀಳಿಸುವ ಆಟ. ಹತ್ತಿರದಿಂದ ಬ್ಯಾಸ್ಕೆಟ್ಟಿಗೆ ಗುರಿಯಿಟ್ಟು ಎಸೆಯುವುದು ಪಟ್, ಅದಕ್ಕೆ ಬಳಸುವ ಡಿಸ್ಕ್ ಪಟರ್. ಅದು ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಎರಡು ಕೈಯಲ್ಲಿ ಹಿಡಿದು ಮಡಚಿ ನೋಡುತ್ತಾರೆ. ಕೆಲವು ಪಟರ್‌ಗಳು ಒಣಗಿದ ಅಡಿಕೆ ಹಾಳೆಯ ಹಾಗೆ ಸೆಟೆದುಕೊಂಡಿರುತ್ತವೆ. ಇನ್ನು ಕೆಲವು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟ ಹಾಳೆಯ ಹಾಗೆ ಎತ್ತ ಬೇಕಾದರೂ ಬಾಗುತ್ತವೆ. ಈ ಎರಡನೇ ಜಾತಿಯ ಬಗ್ಗೆ ಆಟಗಾರರಲ್ಲಿ ಒಂದು ನಂಬಿಕೆ ಇದೆ: ಮೆತ್ತಗಿದ್ದಷ್ಟೂ ಚೈನಿಗೆ ಅಂಟಿಕೊಳ್ಳುತ್ತದೆ, ಹೆಚ್ಚು ಪಟ್ ಬೀಳುತ್ತವೆ ಅಂತ. ಇದು ಅರ್ಧ ನಿಜ. ಮೆತ್ತನೆಯ ಪಟರ್‌ನಿಂದ ಎಸೆತ ಉಳಿಯುವುದು ಹೆಚ್ಚಾಗಿ ಗುರಿ ತಪ್ಪಿ ಡಿಸ್ಕ್ ನೆಲಕ್ಕೆ ಬಿದ್ದಾಗ. ಅದಕ್ಕೆ ತೆರಬೇಕಾದ ಬೆಲೆ ಇರುವುದು ಡಿಸ್ಕ್ ಕೈಬಿಡುವ ಗಳಿಗೆಯಲ್ಲಿ. ಈ ಎರಡನ್ನು ತೂಗಿ ನೋಡಿದರೆ ಕೊಳ್ಳಬೇಕೋ ಬೇಡವೋ ಗೊತ್ತಾಗುತ್ತದೆ.

ಮೆತ್ತಗೆ ಅಂದರೆ ಎಷ್ಟು?

ಒಂದು ಕಂಪನಿಯ ‘ಸಾಫ್ಟ್’ ಇನ್ನೊಂದು ಕಂಪನಿಯ ‘ಮೀಡಿಯಂ’ ಆಗಿರಬಹುದು. ಗೇಟ್‌ವೇ ಕಂಪನಿಯ ವಿಝರ್ಡ್ ಪಟರ್ ಎಸ್‌ಎಸ್, ಎಸ್‌ಎಸ್‌ಎಸ್ ಎಂಬ ಗುರುತಿನಲ್ಲೂ ಬರುತ್ತದೆ. ಎಸ್ ಹೆಚ್ಚಿದಷ್ಟೂ ಪ್ಲಾಸ್ಟಿಕ್ ಮೆದು. ಲ್ಯಾಟಿಟ್ಯೂಡ್ 64ನಲ್ಲಿ ಝೀರೋ ಸಾಫ್ಟ್, ಝೀರೋ ಮೀಡಿಯಂ, ಝೀರೋ ಹಾರ್ಡ್ ಎಂದಿವೆ. ಎಂವಿಪಿ ಮತ್ತು ಆಕ್ಸಿಯಮ್‌ನಲ್ಲಿ ಎಲೆಕ್ಟ್ರಾನ್ ಸಾಫ್ಟ್, ಮೀಡಿಯಂ, ಫರ್ಮ್. ಇನ್ನೋವಾದ ಆರ್-ಪ್ರೋ ರಬ್ಬರಿನ ಹಾಗೆ, ಅದೇ ಕಂಪನಿಯ ಕೆಸಿ ಪ್ರೋ ಗಟ್ಟಿ. ಒಂದೇ ಹೆಸರಿನ ಪ್ಲಾಸ್ಟಿಕ್ ಕೂಡ ಒಂದು ಸಲ ಅಚ್ಚು ಹೊಯ್ದದ್ದಕ್ಕೂ ಇನ್ನೊಂದು ಸಲದ್ದಕ್ಕೂ ವ್ಯತ್ಯಾಸವಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಮೊದಲು ಒಂದೇ ತರಿಸಿ, ಹಿಡಿಸಿದ ಮೇಲೆ ಉಳಿದವು.

ಆಟದ ನಿಯಮ ಮಾಡುವ ಪಿಡಿಜಿಎ ಸಂಸ್ಥೆ ಡಿಸ್ಕ್ ಎಷ್ಟು ಗಟ್ಟಿ ಇರಬಹುದು ಎಂಬುದಕ್ಕೆ ಮೇಲ್ಮಿತಿ ಇಟ್ಟಿದೆ: ಅವರ ಬಾಗಿಸುವ ಪರೀಕ್ಷೆಯಲ್ಲಿ 12.36 ಕೆ.ಜಿ.ಗಿಂತ ಹೆಚ್ಚು ಬಲ ಬೇಕಾಗಬಾರದು. ತೂಕಕ್ಕೂ ಮಿತಿ ಇದೆ, ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ. ಹಾಗಾಗಿ 21.2 ಸೆಂ.ಮೀ. ವ್ಯಾಸದ ಪಟರ್ ಸುಮಾರು 175 ಗ್ರಾಂ ತನಕ ಇರಬಹುದು.

ಮನೆಯಲ್ಲೇ ಅಳೆಯಲು ಒಂದು ಸುಲಭ ದಾರಿ ಇದೆ. ಅಂಗಡಿಯಲ್ಲಿ ಇಡುವಂಥ 20–30 ಕೆ.ಜಿ.ಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಡಿಸ್ಕನ್ನು ಚಕ್ರದ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಪಕ್ಕದಲ್ಲಿ ಸ್ಕೇಲು ನೆಟ್ಟಗೆ ಹಿಡಿಯಲು ಒಬ್ಬರು ಇರಲಿ. ಅಂಗೈಯಿಂದ ಮೇಲಿನಿಂದ ನಿಧಾನ ಒತ್ತಿ, ಡಿಸ್ಕಿನ ಎತ್ತರ ಸರಿಯಾಗಿ 1 ಸೆಂ.ಮೀ. ಕುಗ್ಗಿದಾಗ ತಕ್ಕಡಿ ತೋರಿಸಿದ ತೂಕ ಬರೆದುಕೊಳ್ಳಿ. ಈ ಸಂಖ್ಯೆಗೆ ಪಿಡಿಜಿಎ ಅಳತೆಯ ಜೊತೆ ಸಂಬಂಧವಿಲ್ಲ. ನಿಮ್ಮದೇ ಎರಡು ಪಟರ್‌ಗಳನ್ನು ಒಂದಕ್ಕೊಂದು ಹೋಲಿಸಲು ಸಾಕು. ಬೆಳಿಗ್ಗೆ ಒಂದನ್ನು, ಮಧ್ಯಾಹ್ನ ಇನ್ನೊಂದನ್ನು ಅಳೆಯಬೇಡಿ. ಪ್ಲಾಸ್ಟಿಕ್ ಬಿಸಿಲಿಗೆ ಬದಲಾಗುತ್ತದೆ.

ಚೈನಿಗೆ ಬಡಿದಾಗ ಆಗುವುದು

ಬ್ಯಾಸ್ಕೆಟ್ಟಿನ ಚೈನಿನ ಕೆಲಸವೇ ಡಿಸ್ಕಿನ ವೇಗವನ್ನು ತಿಂದುಹಾಕುವುದು. ಎಡ್ ಹೆಡ್ರಿಕ್ ಕಂಬದ ಸುತ್ತ ಚೈನು ಇಳಿಬಿಟ್ಟು 1977ರಲ್ಲಿ ಪೇಟೆಂಟ್ ಪಡೆದದ್ದು ಇದೇ ಉಪಾಯಕ್ಕೆ. ಮೆತ್ತನೆಯ ಡಿಸ್ಕ್ ತಾನೂ ಬಳುಕಿ ಆ ಕೆಲಸದಲ್ಲಿ ಸ್ವಲ್ಪ ಪಾಲು ವಹಿಸಿಕೊಳ್ಳುತ್ತದೆ. ಇದರ ಲಾಭ ಎಲ್ಲ ಕಡೆ ಸಮನಾಗಿ ಸಿಗುವುದಿಲ್ಲ.

ನಡುಕಂಬಕ್ಕೆ ನೇರ ಬಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಗಟ್ಟಿ ಪಟರ್ ‘ಠಣ್’ ಎಂದು ಹಿಂದಕ್ಕೆ ಚಿಮ್ಮುತ್ತದೆ, ಕೆಲವೊಮ್ಮೆ ತೊಟ್ಟಿಯನ್ನೂ ದಾಟಿ ಹೊರಗೆ. ಮೆತ್ತನೆಯದು ಕಂಬಕ್ಕೆ ಅಪ್ಪಚ್ಚಿಯಾಗಿ ಅಲ್ಲೇ ತೊಟ್ಟಿಗೆ ಕುಸಿಯುತ್ತದೆ. ತೊಟ್ಟಿಯ ಎದುರಂಚಿಗೆ ತಾಗಿದಾಗಲೂ ಹಾಗೇ, ಹೆಚ್ಚು ದೂರ ಹಾರದೆ ಬುಡದಲ್ಲೇ ಬೀಳುತ್ತದೆ. ಒಮ್ಮೊಮ್ಮೆ ತೊಟ್ಟಿಯ ತಂತಿಗಳ ನಡುವೆ ಹೊರಗಿನಿಂದ ಸಿಕ್ಕಿಕೊಳ್ಳುವುದೂ ಉಂಟು. ಕುಣಿಯಬೇಡಿ, ಅದು ಲೆಕ್ಕಕ್ಕಿಲ್ಲ: ಡಿಸ್ಕ್ ತೊಟ್ಟಿಯ ಮೇಲಂಚಿಗಿಂತ ಮೇಲೆ, ಚೈನು ತೂಗುವ ಬಳೆಗಿಂತ ಕೆಳಗೆ ಒಳಹೊಕ್ಕಿರಬೇಕು.

ಪಕ್ಕದ ಚೈನಿಗೆ ಬಡಿದಾಗ ಕಥೆ ಬೇರೆ. ಬಲಗೈಯವರು ಬ್ಯಾಕ್‌ಹ್ಯಾಂಡ್ (ಕೈಯನ್ನು ಮೈಗೆ ಅಡ್ಡ ತಂದು ಹೊರಕ್ಕೆ ಬೀಸಿ) ಎಸೆದರೆ ಡಿಸ್ಕ್ ಮೇಲಿನಿಂದ ನೋಡುವಾಗ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಅಂದರೆ ಅದರ ಮುಂದಂಚು ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಚೈನು ಅದಕ್ಕೆ ಉಜ್ಜಿದಾಗ ಡಿಸ್ಕ್ ಎಡಕ್ಕೆ ಸರಿಯುತ್ತದೆ. ಕಂಬದ ಬಲಬದಿಗೆ ಬಿದ್ದ ಪಟ್ ಹೀಗೆ ಕಂಬದ ಕಡೆಗೆ ಬಂದು ಒಳಗೆ ಕೂರುತ್ತದೆ. ಎಡಬದಿಗೆ ಬಿದ್ದದ್ದು ಇನ್ನೂ ಎಡಕ್ಕೆ ಜಾರಿ ಹೊರಬೀಳುತ್ತದೆ. ಎಡಗೈಯವರಿಗೆ ಎಲ್ಲ ಉಲ್ಟಾ. ಇಲ್ಲಿ ಮೆದುತನದ ಜೊತೆ ಬರುವ ಜಿಗುಟು ಉಜ್ಜಾಟವನ್ನು ಹೆಚ್ಚಿಸುತ್ತದೆ. ಹಾಗಾಗಿ ಮಣಿಕಟ್ಟಿನಿಂದ ಜೋರು ಸುತ್ತು ಕೊಟ್ಟು ಎಸೆಯುವವರಿಗೆ ಎಡಬದಿಯಲ್ಲಿ ಮೆತ್ತನೆಯ ಪಟರ್ ದೊಡ್ಡ ಉಪಕಾರವನ್ನೇನೂ ಮಾಡುವುದಿಲ್ಲ. ಕಡಿಮೆ ಸುತ್ತಿನಲ್ಲಿ, ಕೆಳಗಿನಿಂದ ಮೇಲಕ್ಕೆ ತೂರಿದಂತೆ ಪಟ್ ಮಾಡುವವರಿಗೆ ಅದೇ ಡಿಸ್ಕ್ ಚೈನಿನಿಂದ ಮೆಲ್ಲಗೆ ಜಾರಿ ತೊಟ್ಟಿಗಿಳಿಯುತ್ತದೆ. ಮೆತ್ತನೆಯ ಪಟರನ್ನು ಹೊಗಳುವವರಲ್ಲಿ ಈ ಶೈಲಿಯವರೇ ಹೆಚ್ಚು.

ತಪ್ಪಿದಾಗ: ಜಂಬಿಟ್ಟಿಗೆ ಮತ್ತು ಇಳಿಜಾರು

ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಗುವುದು ಗದ್ದೆಯಲ್ಲಿ, ಇಲ್ಲವೇ ಅಡಿಕೆ ಒಣಗಿಸುವ ಅಂಗಳದಲ್ಲಿ. ಉಳಿದದ್ದೆಲ್ಲ ಏರು, ಇಳಿವು, ದರೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಸಿಮೆಂಟಿನಷ್ಟೇ ಗಟ್ಟಿ, ಮೇಲೆ ಕಡಲೆಕಾಳಿನಂಥ ಹರಳು. 8 ಮೀಟರ್ ದೂರದ ಇಳಿಜಾರು ಪಟ್ ತಪ್ಪಿತು ಅಂದುಕೊಳ್ಳಿ. ಗಟ್ಟಿ ಪಟರ್ ಹರಳಿನ ಮೇಲೆ ಜಾರಿ, ಒಂದು ಕಲ್ಲಿಗೆ ತಾಗಿ ಅಂಚಿನ ಮೇಲೆ ಎದ್ದು ನಿಂತರೆ ಮುಗಿಯಿತು, ಸೈಕಲ್ ಚಕ್ರದ ಹಾಗೆ ಕೆಳಗಿನ ತೋಟದ ಬಸಿಗಾಲುವೆ ತನಕ ಹೋಗುತ್ತದೆ. ಮೆತ್ತನೆಯದು ಚಪ್ಪಟೆಯಾಗಿ ಬಿದ್ದರೆ ನೆಲ ಕಚ್ಚಿ ‘ಪಚಕ್’ ಎಂದು ಕೂರುತ್ತದೆ. ಮುಂದಿನ ಎಸೆತ 10 ಮೀಟರಿನಿಂದಲೋ 3 ಮೀಟರಿನಿಂದಲೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಆ ಭರವಸೆ ಇದ್ದರೆ ಮೊದಲ ಪಟ್ಟನ್ನೂ ಹೆದರದೆ ಚೈನಿನ ಎತ್ತರಕ್ಕೆ ಎಸೆಯಬಹುದು.

ಒಂದು ಎಚ್ಚರಿಕೆ. ಡಿಸ್ಕ್ ಓರೆಯಾಗಿ, ಅಂಚಿನ ಮೇಲೇ ನೆಲಕ್ಕೆ ಇಳಿದರೆ ಮೆದುತನ ಕಾಪಾಡುವುದಿಲ್ಲ. ಜಿಗುಟು ಅಂಚು ನೆಲವನ್ನು ಹಿಡಿದುಕೊಂಡು ಇನ್ನೂ ಚೆನ್ನಾಗಿ ಉರುಳಿದರೂ ಉರುಳೀತು. ಇಳಿಜಾರಿನಲ್ಲಿ ಬಿಡುವಾಗ ಡಿಸ್ಕನ್ನು ಮಟ್ಟಸವಾಗಿ ಬಿಡುವುದು, ಮೂತಿ (ಮುಂದಂಚು) ಮೇಲೆತ್ತದಿರುವುದು ಯಾವ ಪ್ಲಾಸ್ಟಿಕ್ ಆದರೂ ತಪ್ಪಿದ್ದಲ್ಲ.

ಬಣ್ಣದ ಮಾತು ಇಲ್ಲೇ ಹೇಳಿಬಿಡಬಹುದು: ಬಿದ್ದಲ್ಲೇ ಕೂರುವ ಡಿಸ್ಕ್ ದರಗೆಲೆಯಲ್ಲಿ ಬೇಗ ಕಳೆದುಹೋಗುತ್ತದೆ. ಹಸಿರು, ಕಂದು, ಹಳದಿ ಬೇಡ. ಗುಲಾಬಿ ಅಥವಾ ತಿಳಿನೀಲಿ ತಗೊಳ್ಳಿ.

ಬಿಡುವ ಗಳಿಗೆ: ಬೆಲೆ ತೆರುವುದು ಇಲ್ಲಿ

ಪಟ್ ಮಾಡುವಾಗ ಹೆಬ್ಬೆರಳು ಡಿಸ್ಕಿನ ಮೇಲೆ, ಉಳಿದ ಬೆರಳು ಕೆಳಗೆ. ಗಟ್ಟಿ ಡಿಸ್ಕಿನಲ್ಲಿ ಮೇಲ್ತಟ್ಟೆ ಹೆಬ್ಬೆರಳಿಗೆ ಎದುರು ನಿಲ್ಲುತ್ತದೆ. ಮಣಿಕಟ್ಟು ಬಿಚ್ಚಿಕೊಂಡಾಗ ಡಿಸ್ಕ್ ಒಂದೇ ಏಟಿಗೆ ಕಳಚಿಕೊಳ್ಳುತ್ತದೆ. ತೀರಾ ಮೆತ್ತನೆಯದರಲ್ಲಿ ಹೆಬ್ಬೆರಳು ತಟ್ಟೆಯನ್ನು ಎರಡು ಮೂರು ಮಿಲಿಮೀಟರ್ ಒಳಗೆ ಅದುಮುತ್ತದೆ. ತೋರುಬೆರಳು ಒತ್ತಿದ ಕಡೆ ಅಂಚು ಒಳಕ್ಕೆ ಬಾಗುತ್ತದೆ, ಎದುರಿನ ಅಂಚು ದೋಸೆ ಮಡಚುವಾಗಿನ ಹಾಗೆ ತುಸು ಮೇಲೇಳುತ್ತದೆ. ಕೈಬಿಟ್ಟ ಮೇಲೆ ಡಿಸ್ಕ್ ತನ್ನ ಆಕಾರಕ್ಕೆ ಮರಳಬೇಕಲ್ಲ, ಮೊದಲ ಒಂದೆರಡು ಮೀಟರ್ ಆ ತಡಬಡದಲ್ಲೇ ಕಳೆಯುತ್ತದೆ. ಹೊರಗೆ ಕಾಣುವ ಲಕ್ಷಣ ಮೂರು: ಡಿಸ್ಕ್ ಗಡಗಡ ಅಲ್ಲಾಡುತ್ತ ಹೋಗುವುದು, ಬ್ಯಾಸ್ಕೆಟ್ಟಿನ ಮೇಲಿನ ಬಳೆಗೆ ಬಡಿಯುವುದು, ಬಲಗೈಯವರಿಗೆ ಬಲಕ್ಕೆ ತಪ್ಪುವುದು. ಮೂರನೆಯದಕ್ಕೆ ಕಾರಣ ಡಿಸ್ಕ್ ಬೆರಳಿಗೆ ಅಂಟಿ ತಡವಾಗಿ ಕಳಚಿದ್ದು. ಎದುರುಗಾಳಿ ಇದ್ದರೆ ಮೊದಲಿನ ಎರಡೂ ಇಮ್ಮಡಿಯಾಗುತ್ತವೆ.

ಸರಿಪಡಿಸಲು ಹಿಡಿತವನ್ನೇ ಬದಲಿಸಬೇಕು. ಹೆಬ್ಬೆರಳನ್ನು ತಟ್ಟೆಯ ನಡುವಿನಿಂದ ತೆಗೆದು ತಟ್ಟೆ ಮತ್ತು ಅಂಚು ಸೇರುವ ದಿಬ್ಬದ ಮೇಲಿಡಿ. ಅಲ್ಲಿ ಪ್ಲಾಸ್ಟಿಕ್ ದಪ್ಪ, ಅದುಮಿದರೂ ಕುಗ್ಗುವುದಿಲ್ಲ. ನಡುಬೆರಳು, ಉಂಗುರಬೆರಳು, ಕಿರುಬೆರಳನ್ನು ತಟ್ಟೆಯ ಅಡಿಯಲ್ಲಿ ಬೀಸಣಿಗೆಯಂತೆ ಹರಡಿ, ತಟ್ಟೆಗೆ ಕೆಳಗಿನಿಂದ ಆಸರೆ ಸಿಗುತ್ತದೆ. ತೋರುಬೆರಳು ಅಂಚಿನ ಹೊರಮೈಗೆ ತಾಗಿಕೊಂಡಿರಲಿ, ಒತ್ತುವುದು ಬೇಡ. ಎಷ್ಟು ಬಿಗಿ ಹಿಡಿಯಬೇಕು ಅಂದರೆ, ಎದುರಂಚು ಹಿಡಿದು ಒಬ್ಬರು ಎಳೆದಾಗ ಡಿಸ್ಕ್ ಸ್ವಲ್ಪ ತಡೆದು ಆಮೇಲೆ ಕೈಯಿಂದ ಜಾರಿ ಬರಬೇಕು. ನಾಲ್ಕೂ ಬೆರಳನ್ನು ಅಂಚಿನೊಳಗೆ ಮುಷ್ಟಿ ಮಾಡಿ ಹಿಡಿಯುವವರು ತೀರಾ ಮೆತ್ತನೆಯ ಪಟರ್ ಕೊಳ್ಳದಿರುವುದೇ ವಾಸಿ. ಆ ಹಿಡಿತದಲ್ಲಿ ಡಿಸ್ಕ್ ಮೊಟ್ಟೆಯಾಕಾರವಾಗುತ್ತದೆ, ಪ್ರತಿ ಸಲ ಬೇರೆ ಬೇರೆ ಮೊಟ್ಟೆ.

ಹೊಸ ಹಿಡಿತವನ್ನು ಬ್ಯಾಸ್ಕೆಟ್ ಎದುರು ಕಲಿಯಬೇಡಿ. ಚೈನಿನ ಸದ್ದು ಕೇಳಿದರೆ ಗಮನ ಅತ್ತ ಹೋಗುತ್ತದೆ. ಹುಲ್ಲಿನ ಬಣವೆಯಿಂದ 3–4 ಮೀಟರ್ ದೂರ ನಿಂತು ದಿನಕ್ಕೆ 30 ಎಸೆತ ಸಾಕು. ಪಕ್ಕದಿಂದ ಫೋನಿನ ಸ್ಲೋ ಮೋಷನ್‌ನಲ್ಲಿ ಸೆರೆಹಿಡಿದು ನೋಡಿ: ಕೈಯಿಂದ ಹೊರಟ ಡಿಸ್ಕಿನ ಅಂಚು ಒಂದೇ ಗೆರೆಯಂತೆ ಕಂಡರೆ ಸರಿ, ಮೇಲೆ ಕೆಳಗೆ ಹೊಯ್ದಾಡಿದರೆ ಹೆಬ್ಬೆರಳು ಇನ್ನೂ ಒತ್ತುತ್ತಿದೆ ಎಂದರ್ಥ.

ದೂರದ ಎಸೆತಕ್ಕೆ ಇದನ್ನು ಬಳಸುವ ಯೋಚನೆ ಬೇಡ. ಟೀಯಿಂದ, ಅಂದರೆ ಮೊದಲ ಎಸೆತದ ಜಾಗದಿಂದ, ಪೂರ್ತಿ ಬಲ ಹಾಕಿ ಎಸೆದರೆ ಬಾಗುವಿಕೆ ಹೆಚ್ಚಿ, ಅಲ್ಲಾಟಕ್ಕೇ ವೇಗ ಸೋರಿಹೋಗುತ್ತದೆ. ಆ ಕೆಲಸಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಇನ್ನೊಂದು ಪಟರ್ ಚೀಲದಲ್ಲಿರಲಿ.

ಬಿಸಿಲು, ಚಳಿ, ಜಡಿಮಳೆ

ಶಿವಮೊಗ್ಗದಲ್ಲಿ ಏಪ್ರಿಲ್ ಮಧ್ಯಾಹ್ನ 36–37 ಡಿಗ್ರಿ ಇರುತ್ತದೆ, ಡಿಸೆಂಬರ್ ಬೆಳಿಗ್ಗೆ 15ರ ಆಸುಪಾಸು. ಈ ಎರಡರ ನಡುವೆ ಒಂದೇ ಪಟರ್ ಎರಡು ಪಟರ್ ಆಗುತ್ತದೆ. ಚಳಿಯಲ್ಲಿ ಹದವಾಗಿದ್ದ ಎಸ್‌ಎಸ್ ಏಪ್ರಿಲ್ ಬಿಸಿಲಿಗೆ ಹವಾಯಿ ಚಪ್ಪಲಿಯ ಅಟ್ಟೆಯಂತೆ ಜೋತುಬೀಳುತ್ತದೆ. ಚಳಿಗಾಲದಲ್ಲಿ ಪರೀಕ್ಷಿಸಿ ಮೆಚ್ಚಿಕೊಳ್ಳುವವರು ಮೋಸಹೋಗುವುದು ಹೀಗೆ. ಕೊಂಡ ದಿನವೇ ತಿಳಿಯಬೇಕಾದರೆ ಡಿಸ್ಕನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮಡಚಿ ನೋಡಿ, ಆಮೇಲೆ ಅರ್ಧ ಗಂಟೆ ಅಂಗಳದ ಬಿಸಿಲಿನಲ್ಲಿಟ್ಟು ಮಡಚಿ ನೋಡಿ. ಬಿಸಿಲಿನದು ಅತಿಯಾಯಿತು ಅನ್ನಿಸಿದರೆ ಬೇಸಿಗೆಗೆ ಅದೇ ಅಚ್ಚಿನ ಮೀಡಿಯಂ ಇರಲಿ. ಬೆರಳಿಗೆ ಅಂಚಿನ ಆಕಾರ ಒಂದೇ ಆದ್ದರಿಂದ ಹಿಡಿತ ಮತ್ತೆ ಕಲಿಯಬೇಕಾಗಿಲ್ಲ.

ಮೆತ್ತನೆಯ ಪಟರ್ ತನ್ನ ಯೋಗ್ಯತೆ ತೋರಿಸುವುದು ಮಳೆಗಾಲದಲ್ಲಿ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಆಡುವ ಹಟ ಯಾರಿಗೂ ಬೇಡ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪುನರ್ವಸು, ಪುಷ್ಯ ಮಳೆಯ ನಡುವೆ ಒಂದೆರಡು ಗಂಟೆ ಹೊಳವು ಸಿಗುತ್ತದಲ್ಲ, ಆಗ ಹೊರಟವರ ಕೈಯೂ ಡಿಸ್ಕೂ ಒಣಗಿರುವುದಿಲ್ಲ. ಹೊಳಪಿನ ಗಟ್ಟಿ ಪ್ಲಾಸ್ಟಿಕ್ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಮಂದ ಮೈಯ ಮೆತ್ತನೆ ಪ್ಲಾಸ್ಟಿಕ್ ಒಂದು ಸಲ ಒರೆಸಿದರೆ ಬೆರಳಿಗೆ ಕಚ್ಚಿಕೊಳ್ಳುತ್ತದೆ. ಒರೆಸದಿದ್ದರೆ ಅದೂ ಜಾರುತ್ತದೆ, ಆ ಭ್ರಮೆ ಬೇಡ. ಎರಡು ಹತ್ತಿ ಟವೆಲ್ ಇಟ್ಟುಕೊಳ್ಳಿ, ಒಂದು ಕೆಸರಿಗೆ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದೊಳಗೆ ಬೆರಳು ಮತ್ತು ಅಂಚಿಗೆ ಮಾತ್ರ. ಹಳೆ ಕಾಲುಚೀಲದೊಳಗೆ ಜರಡಿ ಹಿಡಿದ ಒಣ ಮರದ ಹೊಟ್ಟನ್ನು ಎರಡು ಹಿಡಿ ತುಂಬಿ ಬಾಯಿ ಹೊಲಿದರೆ ಬೆವರುಗೈ ಒಣಗಿಸಲು ಚೀಲ ಸಿದ್ಧ. ಅಂದಹಾಗೆ, ಉಂಬಳಕ್ಕೆ ಸುಣ್ಣ ಮುಟ್ಟಿಸಿದ ಕೈಯನ್ನು ತೊಳೆಯದೆ ಡಿಸ್ಕ್ ಹಿಡಿಯಬೇಡಿ, ಅಂಚಿನಲ್ಲಿ ಸುಣ್ಣದ ಪುಡಿ ಕೂತು ಹಿಡಿತ ಜಾರುತ್ತದೆ.

ಕೆಂಪು ಕೆಸರು ಅಂಚಿನ ಒಳಮೂಲೆಯಲ್ಲಿ ಒಣಗಿದರೆ ಬೆರಳು ಕೂರುವ ಜಾಗವೇ ಬದಲಾಗುತ್ತದೆ. ಆಟ ಮುಗಿದ ದಿನವೇ ಪಾತ್ರೆ ಸೋಪು, ಹಳೆ ಬ್ರಶ್ಶಿನಿಂದ ತೊಳೆಯಿರಿ. ಪೆಟ್ರೋಲು, ಥಿನ್ನರ್ ಮುಟ್ಟಿಸಬೇಡಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ

ಒಂದೇ ಅಚ್ಚಿನ, 173–175 ಗ್ರಾಂ ತೂಕದ ಸಾಫ್ಟ್ ಮತ್ತು ಮೀಡಿಯಂ ಒಂದೊಂದು ಹೊಂದಿಸಿಕೊಳ್ಳಿ; ಗೆಳೆಯರದ್ದಾದರೂ ಸರಿ. ಅಚ್ಚು ಬೇರೆಯಾದರೆ ನೀವು ಅಳೆಯುತ್ತಿರುವುದು ಮೆದುತನವೋ ಆಕಾರವೋ ಗೊತ್ತಾಗುವುದಿಲ್ಲ. ಹತ್ತಿರ ಬ್ಯಾಸ್ಕೆಟ್ ಇಲ್ಲದಿದ್ದರೆ ಜಿಐ ಪೈಪಿಗೆ ಹಳೆ ಸೈಕಲ್ ರಿಮ್ ಬೆಸುಗೆ ಹಾಕಿಸಿ, 18–20 ಚೈನು ಇಳಿಬಿಟ್ಟು, ಕೆಳತುದಿಗಳನ್ನು ಒಂದು ಬಳೆಗೆ ಸೇರಿಸಿ. ಅಡಿಯಲ್ಲಿ ತಂತಿಯ ತೊಟ್ಟಿ, ಅದರ ಮೇಲಂಚು ನೆಲದಿಂದ 82 ಸೆಂ.ಮೀ. ಇರಲಿ. ಚೈನು ಬಾವಿ ರಾಟೆಗೆ ಹಾಕುವಷ್ಟು ತೂಕದ್ದಾಗಿರಬೇಕು. ನಾಯಿ ಕಟ್ಟುವ ತೆಳು ಚೈನು ಹಾಕಿದರೆ ಗಟ್ಟಿ ಡಿಸ್ಕ್ ಸೀಳಿಕೊಂಡು ಆಚೆ ಹೋಗುತ್ತದೆ, ಮೆತ್ತನೆಯದು ಸುಮ್ಮನೆ ಗೆದ್ದಂತೆ ಕಾಣುತ್ತದೆ.

5, 7, 10 ಮೀಟರಿನಿಂದ ಪ್ರತಿಯೊಂದರಲ್ಲೂ 20 ಎಸೆತ. ಡಿಸ್ಕ್‌ಗಳನ್ನು ಒಂದರ ನಂತರ ಒಂದು ಬದಲಿಸುತ್ತ ಎಸೆಯಿರಿ, ಇಲ್ಲವಾದರೆ ಕೈ ಪಳಗಿದ್ದರ ಲಾಭ ಎರಡನೆಯದಕ್ಕೆ ಸಿಗುತ್ತದೆ. ಬಿದ್ದವು ಎಷ್ಟು ಎಂಬುದರ ಜೊತೆಗೆ ಇನ್ನೆರಡು ಕಾಲಂ ಇರಲಿ: ಚೈನಿಗೆ ಬಡಿದು ಹೊರಬಿದ್ದವು ಎಷ್ಟು, ತಪ್ಪಿದ್ದು ಬ್ಯಾಸ್ಕೆಟ್ಟಿನಿಂದ ಎಷ್ಟು ಹೆಜ್ಜೆ ದೂರ ನಿಂತಿತು. 5 ಮೀಟರಿನಲ್ಲಿ ಎರಡೂ ಸರಿಸಮ ಬಂದು 10ರಲ್ಲಿ ಮೆತ್ತನೆಯದು ಹಿಂದೆ ಬಿದ್ದರೆ ಬಲ ಹಾಕುವಾಗ ನಿಮ್ಮ ಹೆಬ್ಬೆರಳು ಅದನ್ನು ಬಾಗಿಸುತ್ತಿದೆ. ನಿಮಗೆ ಮೀಡಿಯಂ ಸಾಕು. ಬಿದ್ದ ಲೆಕ್ಕ ಸಮ ಇದ್ದು, ಹೆಜ್ಜೆಯ ಕಾಲಂನಲ್ಲಿ ಮೆತ್ತನೆಯದು ಗೆದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ.

ಆಕಾರ ಕೆಟ್ಟರೆ

ತೀರಾ ಮೆತ್ತನೆಯ ಡಿಸ್ಕ್ ಸೊಟ್ಟಗಾಗುವುದು ಆಡುವಾಗ ಅಲ್ಲ, ಇಟ್ಟಾಗ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಬಿಗಿಯಾಗಿ ತುರುಕಿದ ಚೀಲ, ಬಚ್ಚಲೊಲೆಯ ಪಕ್ಕದ ಗೂಡು, ಅಡಿಕೆ ಡ್ರೈಯರ್ ಮನೆ, ಇವೇ ಅದರ ಶತ್ರುಗಳು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕಡೆ ಡಿಸ್ಕನ್ನೂ ನೇತುಹಾಕಿ ಅಂಚು ಅಲೆಅಲೆಯಾದರೆ ಪ್ಲಾಸ್ಟಿಕ್ಕಿನ ತಪ್ಪಲ್ಲ. ಚೀಲದಲ್ಲಿ ಎರಡು ಗಟ್ಟಿ ಡಿಸ್ಕ್‌ಗಳ ನಡುವೆ ಸಡಿಲವಾಗಿ ಇಡಿ. ಒದ್ದೆ ಚೀಲವನ್ನು ಬಿಚ್ಚಿಡಿ, ಇಲ್ಲವಾದರೆ ಬೂಸ್ಟು.

ಸೊಟ್ಟಗಾದದ್ದನ್ನು ನೇರ ಮಾಡಲು ಬಚ್ಚಲ ಹಂಡೆ ನೀರು ಸಾಕು. ಬಕೆಟ್ಟಿಗೆ ತೋಡಿದ ನೀರಿನಲ್ಲಿ ಕೈ ಅದ್ದಿದರೆ ತಕ್ಷಣ ತೆಗೆಯಬೇಕು ಅನ್ನಿಸುವಷ್ಟು ಬಿಸಿ ಇರಲಿ, ಸುಮಾರು 55 ಡಿಗ್ರಿ. ಕುದಿಯುವ ನೀರು ಬೇಡ. ಡಿಸ್ಕನ್ನು 5 ನಿಮಿಷ ಪೂರ್ತಿ ಮುಳುಗಿಸಿಡಿ. ಅಂಚು ತಳಕ್ಕೆ ಒರಗಿ ನಿಂತರೆ ಹೊಸ ಸೊಟ್ಟ ಹುಟ್ಟಿಕೊಳ್ಳುತ್ತದೆ, ಆದ್ದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಮಲಗಿಸಿ. ತೆಗೆದು ಅಡಿಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅಂಚು ಕೆಳಗಾಗಿ ಇಟ್ಟು, ಬೆರಳಿನಿಂದ ಸುತ್ತಲೂ ತಿದ್ದಿ ದುಂಡಗೆ ಮಾಡಿ. ಮೇಲೆ ಭಾರ ಹೇರಬೇಡಿ, ತಟ್ಟೆ ಕುಸಿದು ಹಳ್ಳವಾಗುತ್ತದೆ. ಒಂದು ತೆಳು ಮಣೆ ಇಟ್ಟರೆ ಸಾಕು. ಪೂರ್ತಿ ತಣ್ಣಗಾಗುವ ತನಕ, ಅಂದರೆ ಒಂದು ಗಂಟೆ, ಮುಟ್ಟಬೇಡಿ. ಅಂಚಿನ ಮೇಲೆ ನಿಲ್ಲಿಸಿ ನಾಲ್ಕು ಕಡೆ ಅಳೆದಾಗ 2 ಮಿ.ಮೀ. ಒಳಗೆ ವ್ಯತ್ಯಾಸ ಬಂದರೆ ಆಡಬಹುದು. ಇನ್ನೂ ಹೆಚ್ಚಿದ್ದರೆ ಮತ್ತೊಮ್ಮೆ ಮುಳುಗಿಸಿ.

ಜಂಬಿಟ್ಟಿಗೆಗೆ ತಾಗಿ ಅಂಚಿನಲ್ಲಿ ಎದ್ದ ಸಿಪ್ಪೆಯನ್ನು 400 ನಂಬರ್ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬಹುದು. ಗಾಯ ಸವರುವಷ್ಟು ಉಜ್ಜಲು ನಿಯಮದ ಅಡ್ಡಿಯಿಲ್ಲ, ಹಾರಾಟ ಬದಲಾಗುವ ಹಾಗೆ ಆಕಾರ ಬದಲಿಸುವಂತಿಲ್ಲ. ಬಿರುಕು ಬಿಟ್ಟದ್ದು, ತೂತಾದದ್ದು ಸ್ಪರ್ಧೆಗೆ ನಡೆಯುವುದಿಲ್ಲ. ಅಂಥದ್ದನ್ನು ಬಣವೆಯ ಎದುರಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ.